ಕಾಡಿಗೆ ಹೋಗುವ ಮುಂಚೆ: ಮಗಳಿಗೊಂದು ಪತ್ರ

ಕುಂಞಿ,

ಮೊನ್ನೆ ಫೋನಿನಲ್ಲಿ ನನ್ನ ದನಿ ಜೋರಾಯಿತು. ನೀನು ಫೋನ್ ಇಟ್ಟೆ, ನಾನೂ ಮತ್ತೆ ಮಾಡಲಿಲ್ಲ. ಬೇಜಾರಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಹೋಗಬೇಡ ಅನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಶನಿವಾರ ನೀನು ಬೇಟೆಗೆ ಹೋಗುವವಳೇ. ಅದಕ್ಕೆ ಮುಂಚೆ ಒಂದು ವಿಷಯ ಹೇಳಬೇಕು. ಫೋನಿನಲ್ಲಿ ಶುರು ಮಾಡಿದರೆ ಮತ್ತೆ ಜಗಳವೇ ಆಗುತ್ತದೆ.

ನೀನು ಕಳಿಸಿದ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೇಟೆಯ ರೂಲ್ಸ್ ಪೂರ್ತಿ ಓದಿದೆ. 1973ರ ಜನವರಿ 1ರಿಂದೀಚೆಗೆ ಹುಟ್ಟಿದವರು ಲೈಸೆನ್ಸ್ ಕೊಳ್ಳುವ ಮುಂಚೆ ಸುರಕ್ಷತೆಯ ಕೋರ್ಸ್ ಪಾಸಾಗಬೇಕು ಅನ್ನುವುದು ನನಗೆ ತುಂಬಾ ಹಿಡಿಸಿತು. ನಮ್ಮ ಕೊಡಗಿನಲ್ಲಿ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಕೈಲ್ ಮುಹೂರ್ತದ ಹಬ್ಬಕ್ಕೆ ತೋಕ್ ಪೂ ಹೂವು ಸಿಕ್ಕಿಸಿ ಕೋವಿಗೆ ಪೂಜೆ ಮಾಡುತ್ತೇವೆ. ಆದರೆ ನನ್ನನ್ನು ಯಾರೂ ಕ್ಲಾಸಿನಲ್ಲಿ ಕೂರಿಸಿ ಕಲಿಸಲಿಲ್ಲ. ಅಜ್ಜ ಹೇಳಿಕೊಟ್ಟದ್ದಷ್ಟೇ. ನೀನು ಪರೀಕ್ಷೆ ಬರೆದು ಪಾಸಾದೆ. ಆ ಕಾರ್ಡಿನ ಫೋಟೋವನ್ನು ಸಂತೆಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದ್ದೇನೆ, ಅವ್ವ ಹೇಳಿರಬೇಕು. ತೆಂಗಿನಕಾಯಿಗೆ ಗುಂಡು ಹೊಡೆದ ವರ್ಷದ ಕತೆಯನ್ನು ಮತ್ತೆ ಎತ್ತುವುದಿಲ್ಲ, ಹೆದರಬೇಡ.

ಚಿಕ್ಕಪ್ಪನ ಕಾಲಿನ ವಿಷಯವನ್ನೂ ಹೇಳುವುದಿಲ್ಲ. ಆ ರಾತ್ರಿ, ಆಸ್ಪತ್ರೆ, ನೀನು ಹಾಸ್ಟೆಲಿನಿಂದ ಓಡಿಬಂದದ್ದು, ಎಲ್ಲ ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಗುಂಡು ಹೊಡೆದವನ ಕತೆ.

ಅವನು ಪುಂಡ ಅಲ್ಲ. ಕುಡಿದಿರಲಿಲ್ಲ. ನಮ್ಮ ಊರಿನಲ್ಲಿ ಅವನಷ್ಟು ಜೋಪಾನವಾಗಿ ಕೋವಿ ಹಿಡಿಯುವವರು ಕಡಿಮೆ. ಗದ್ದೆಗೆ ಹಂದಿ ಬೀಳುತ್ತಿತ್ತು. ಕಾಯಲು ಕೂತಿದ್ದ. ಟಾರ್ಚ್ ಹಾಕಿದರೆ ಹಂದಿ ಓಡುತ್ತದೆ ಎಂದು ಹಾಕಿರಲಿಲ್ಲ. ಚಿಕ್ಕಪ್ಪ ಕಪ್ಪು ರೇನ್‌ಕೋಟ್ ಹಾಕಿಕೊಂಡು ಬದುವಿನ ಕಂಡಿ ಮುಚ್ಚಲು ಬಗ್ಗಿದ್ದ. ಇಬ್ಬರ ನಡುವೆ ಮೂವತ್ತು ಹೆಜ್ಜೆ ಇತ್ತೇನೋ.

ಮಾರನೇ ವಾರ ಅವನು ನಮ್ಮ ಜಗಲಿಗೆ ಬಂದ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. "ನಾನು ಹಂದಿಯನ್ನೇ ನೋಡಿದ್ದು" ಎಂದ. ಬೆನ್ನ ಮೇಲೆ ಕೂದಲು ನಿಂತಿತ್ತಂತೆ. ಮೂತಿ ಕೆಳಗಿಟ್ಟು ಮಣ್ಣು ಕೆದಕುತ್ತಿತ್ತಂತೆ. ಕಿವಿ ಅಲ್ಲಾಡಿದ್ದನ್ನೂ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ.

ಆಮೇಲೆ ಎಷ್ಟೋ ರಾತ್ರಿ ಅದನ್ನೇ ಯೋಚಿಸಿದೆ. ಅವನು ಸುಳ್ಳು ಹೇಳಲಿಲ್ಲ ಕುಂಞಿ. ಸಂಜೆಯಿಂದ ಹಂದಿ ಹಂದಿ ಎಂದು ಕಾದವನ ಕಿವಿಗೆ ಸರಸರ ಶಬ್ದ ಬಿತ್ತು. ಕಪ್ಪಗೆ ಏನೋ ಅಲ್ಲಾಡಿತು. ಉಳಿದದ್ದನ್ನೆಲ್ಲ ಅವನ ತಲೆಯೇ ತುಂಬಿಸಿತು. ಕೂದಲು, ಮೂತಿ, ಕಿವಿ, ಎಲ್ಲ. ಕಾದು ಕೂತವನ ಕಣ್ಣು ಹೀಗೆ ಮಾಡುತ್ತದೆ. ನಿನ್ನ ಕಣ್ಣೂ ಮಾಡುತ್ತದೆ. ಐದು ತಾಸು ಚಳಿಯಲ್ಲಿ ಕೂತು, ಕೈ ಮರಗಟ್ಟಿ, ಇನ್ನೇನು ಎದ್ದು ಹೋಗೋಣ ಅನ್ನುವಾಗ ಪೊದೆ ಅಲ್ಲಾಡಿತು ಅಂದುಕೋ. ಕೊಂಬು ಕಾಣುತ್ತದೆ. ಇಲ್ಲದ ಕೊಂಬು.

ಚಿಕ್ಕಪ್ಪ ಅವನನ್ನು ಕ್ಷಮಿಸಿದ್ದಾನೆ. ಈಗಲೂ ಅವನ ಮನೆಗೆ ಹೋಗಿ ಕೂತು ಬರುತ್ತಾನೆ. ಅವನು ಮಾತ್ರ ನಮ್ಮ ಕಡೆ ಬರುವುದಿಲ್ಲ. ಕೈಲ್ ಮುಹೂರ್ತಕ್ಕೆ ಊರಿನಲ್ಲೇ ಇರುವುದಿಲ್ಲ. ಅವನ ಕೋವಿ ಈಗ ಅವನ ತಮ್ಮನ ಮನೆಯಲ್ಲಿದೆ. ನಾನು ರಸ್ತೆಯಲ್ಲಿ ಎದುರಾದರೆ ಇವತ್ತಿಗೂ ಆ ಕಿವಿ ಅಲ್ಲಾಡಿದ್ದನ್ನು ಹೇಳುತ್ತಾನೆ.

ಯಾರಾದರೂ ನಿನಗೆ ಗುಂಡು ಹೊಡೆದುಬಿಟ್ಟರೆ ಎಂದು ಅವ್ವನಿಗೆ ಭಯ. ನನಗೂ ಇದೆ. ಆದರೆ ಅದಕ್ಕಿಂತ ಜಾಸ್ತಿ ಭಯ ಇನ್ನೊಂದಿದೆ. ನೀನು ಅವನಾಗಬಾರದು. ಮೊನ್ನೆ ಇದು ಬಾಯಿಗೆ ಬರಲಿಲ್ಲ, ಅದಕ್ಕೇ ಕಿರುಚಿದೆ.

ನೀವು ಹೋಗುವ ಶ್ವಾಮೆಗನ್-ನಿಕೊಲೆಟ್ ಕಾಡು 15 ಲಕ್ಷ ಎಕರೆ. ನಮ್ಮ ಇಡೀ ಕೊಡಗು ಜಿಲ್ಲೆಯೇ 10 ಲಕ್ಷ ಎಕರೆ ಚಿಲ್ಲರೆ. ಅಷ್ಟು ದೊಡ್ಡದಾದರೂ ಅದು ಬೇಟೆಯವರಿಗಷ್ಟೇ ಅಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂಚಿನ ಶನಿವಾರದಿಂದ ಒಂಬತ್ತು ದಿನ, ಆ ರಾಜ್ಯದಲ್ಲಿ ಜಿಂಕೆ ಹೊಡೆಯಲು ಲೈಸೆನ್ಸ್ ತೆಗೆದುಕೊಂಡವರೇ 5 ಲಕ್ಷಕ್ಕೂ ಜಾಸ್ತಿ. ಅದೇ ದಿನಗಳಲ್ಲಿ ನಾಯಿ ಕರೆದುಕೊಂಡು ನಡೆಯುವವರು, ಮಕ್ಕಳ ಜೊತೆ ಬಂದವರು, ಸುಮ್ನೆ ಸುತ್ತುವವರೂ ಇರುತ್ತಾರೆ. ನಿನಗೆ ಸೊಂಟದ ಮೇಲಿನ ಬಟ್ಟೆ ಅರ್ಧಕ್ಕಾದರೂ ಹೊಳೆಯುವ ಕಿತ್ತಳೆಯೋ ಗುಲಾಬಿಯೋ ಇರಬೇಕು ಎಂದು ಕಾನೂನು. ನೀನು ಅರ್ಧಕ್ಕೆ ನಿಲ್ಲಿಸಬೇಡ, ಟೋಪಿಯಿಂದ ಹಿಡಿದು ಪೂರ್ತಿ ಹಾಕು. ಆದರೆ ಎದುರಿಗಿರುವವರು ಅದನ್ನು ಹಾಕಿರುತ್ತಾರೆ ಎಂದು ನಂಬಿ ಕೂರಬೇಡ. ಚಿಕ್ಕಪ್ಪನ ರೇನ್‌ಕೋಟ್ ಕಪ್ಪಗಿತ್ತು.

ಮತ್ತೆ ಅಲ್ಲಿಗೇ ಬಂದೆ ನೋಡು.

ಪೊದೆಯಲ್ಲಿ ಏನಿದೆ ಎಂದು ನೋಡಲು ರೈಫಲಿನ ಸ್ಕೋಪ್ ಎತ್ತಬೇಡ. ಅದರಲ್ಲಿ ನೋಡುತ್ತೀ ಎಂದರೆ ನಳಿಗೆಯನ್ನು ಅದರ ಕಡೆ ತಿರುಗಿಸಿದ್ದೀ ಎಂದೇ ಅರ್ಥ. ಬೈನಾಕ್ಯುಲರ್ ಕೊಂಡುಕೋ, ದುಡ್ಡು ನಾನು ಕಳಿಸುತ್ತೇನೆ. ತಲೆಯಿಂದ ಬಾಲದವರೆಗೆ ಇಡೀ ಜಿಂಕೆ ಕಾಣಬೇಕು. ಅದರ ಹಿಂದೆ ಮಣ್ಣಿನ ದಿಬ್ಬ ಕಾಣಬೇಕು. ಗುಡ್ಡದ ನೆತ್ತಿಯಲ್ಲಿ, ಹಿಂದೆ ಬರೀ ಆಕಾಶ ಇಟ್ಟುಕೊಂಡು ನಿಂತ ಜಿಂಕೆ ಎಷ್ಟು ದೊಡ್ಡದಾದರೂ ಬಿಟ್ಟುಬಿಡು. ನಿನ್ನ ಕೈಯಲ್ಲಿರುವುದು ನಮ್ಮ ಜೋಡು ನಳಿಗೆ ಅಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಮೈಲಿಗಟ್ಟಲೆ ಹೋಗುತ್ತದೆ. ಮನೆ, ಕ್ಯಾಂಪಿನಿಂದ 150 ಗಜದೊಳಗೆ ಗುಂಡು ಹಾರಿಸಬಾರದು, ರಸ್ತೆಗೆ ಅಡ್ಡವಾಗಿಯೂ ಹಾರಿಸಬಾರದು ಎಂದು ಆ ಕಾಡಿನ ಕಾನೂನಿದೆ. ನನಗಂತೂ ಆ 150 ಗಜ ತುಂಬಾ ಕಡಿಮೆ ಅನ್ನಿಸಿತು. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆಯೇ ಹೊಡೆಯಬಹುದಂತೆ. ಆ ಅರ್ಧ ಗಂಟೆ ನೀನು ಕೋವಿ ಮಡಿಲಲ್ಲಿಟ್ಟುಕೊಂಡು ಕೂತಿರು. ನನ್ನ ಸಲುವಾಗಿ.

ಮರಕ್ಕೆ ಕಟ್ಟಿದ ಸ್ಟ್ಯಾಂಡ್ ಹತ್ತುವಾಗ ಬೆಲ್ಟ್ ನೆಲದಿಂದಲೇ ಕಟ್ಟಿಕೋ. ಗುಂಡು ತೆಗೆದ ರೈಫಲನ್ನು ಆಮೇಲೆ ಹಗ್ಗದಲ್ಲಿ ಎಳೆದುಕೋ. ನೀನು ನೋಡಿಟ್ಟ ಜಾಗದಲ್ಲಿ ಬೇರೆಯವರು ಕೂತಿದ್ದರೆ ಮುಂದೆ ಹೋಗು. ಯಾರಾದರೂ ರೇಗಿದರೆ, ನಿನ್ನ ಬಣ್ಣ ನೋಡಿ ಏನಾದರೂ ಅಂದರೂ, ವಾದ ಮಾಡಬೇಡ. ನಿನ್ನ ಮಾತೇ ಸರಿ ಇದ್ದರೂ ಬೇಡ. 2004ರ ನವೆಂಬರಿನಲ್ಲಿ ಅದೇ ರಾಜ್ಯದಲ್ಲಿ ಬೇರೆಯವರ ಜಾಗದ ಸ್ಟ್ಯಾಂಡಿನಲ್ಲಿ ಕೂತವನಿಗೂ ಆ ಕಡೆಯವರಿಗೂ ಮಾತಿಗೆ ಮಾತು ಬೆಳೆದು ಆರು ಜನ ಸತ್ತರು. ನಿನ್ನ ನಾಲಿಗೆ ನನ್ನದೇ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು, ಸೀಸದ ಗುಂಡು ಬೇಡ, ತಾಮ್ರದ್ದೇ ತೆಗೆದುಕೋ. ಸೀಸದ ಚೂರು ಕರುಳಿನಲ್ಲಿ ಉಳಿದರೆ, ಕಾಡಿನಲ್ಲಿ ಬಿಟ್ಟುಬಂದ ಆ ಕರುಳನ್ನು ತಿಂದ ಹದ್ದುಗಳಿಗೆ ವಿಷವೇರುತ್ತದೆ.

ಪಾಠ ಮಾಡಬಾರದು ಅಂದುಕೊಂಡೇ ಕೂತೆ. ಆಗಲಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಬಂದಮೇಲೆ ಬೇಟೆ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು, ಕಾಡು ಉಳಿಯಿತು. ಆದರೂ ಅಜ್ಜನ ಮೊಮ್ಮಗಳು ದೂರದ ದೇಶದಲ್ಲಿ ಲೈಸೆನ್ಸ್ ತೆಗೆದುಕೊಂಡು, ಲೆಕ್ಕದ ಪ್ರಕಾರ ಬೇಟೆಗೆ ಹೊರಟಿದ್ದಾಳೆ ಅಂದರೆ ಎದೆ ಉಬ್ಬುತ್ತದೆ. ಬರಿಗೈಯಲ್ಲಿ ವಾಪಸ್ ಬಂದರೂ ಅಷ್ಟೇ ಉಬ್ಬುತ್ತದೆ, ಇದನ್ನು ನಂಬು.

ಅವ್ವ ಮಾಂಸದ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿಯ ಬಾಟಲಿ ಕಳಿಸಿದ್ದಾಳೆ, ಮುಂದಿನ ವಾರ ತಲುಪಬಹುದು. ಜಿಂಕೆ ಸಿಕ್ಕರೆ ತಲೆಯನ್ನು ಮೊದಲು ಟೆಸ್ಟಿಗೆ ಕೊಡು. 2002ರಿಂದ ಅಲ್ಲಿನ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಅನ್ನುವ ಮೆದುಳಿನ ಕಾಯಿಲೆ ಇದೆ. ರಿಸಲ್ಟ್ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇರಲಿ, ಎಷ್ಟು ಆಸೆಯಾದರೂ. ಗಾಡಿ ಯಾವ ರಸ್ತೆಯಲ್ಲಿ ನಿಲ್ಲಿಸುತ್ತೀರಿ, ಅಲ್ಲಿಂದ ಯಾವ ಕಡೆ ನಡೆಯುತ್ತೀರಿ ಎಂದು ಬರೆದು ಮನೆಯಲ್ಲಿ ಉಳಿಯುವ ಗೆಳತಿಗೂ ಕೊಡು, ನಮಗೂ ಕಳಿಸು. ಶುಕ್ರವಾರದೊಳಗೆ.

ನಿನ್ನ ಅಪ್ಪ