ಮೂರು ಇಂಚು ಕೆಳಗಿದ್ದ ರಿಂಗು

ನವನಗರ, ಬಾಗಲಕೋಟೆ
ಭಾನುವಾರ ರಾತ್ರಿ

ಯವ್ವಾ ಮಗಳೇ,

ಮೊನ್ನೆ ಫೋನಿನಲ್ಲಿ ನಾನು ಒದರಿದ್ದು ಅತಿಯಾಯಿತು. "ಕಾಲೇಜ ಬಿಟ್ಟು ಪೂರಾ ಬ್ಯಾಸ್ಕೆಟ್‌ಬಾಲ್ ಆಟಕ್ಕ ಇಳೀತೀನಿ ಅಪ್ಪಾ" ಅಂತ ನೀನು ಅಂದಕೂಡಲೇ ಕೈಯಲ್ಲಿದ್ದ ಉಳಿ ಒಗೆದು ಬಾಯಿಗೆ ಬಂದದ್ದು ಅಂದೆ. ಆಗಿನಿಂದ ನಿಮ್ಮವ್ವ ನನಗೆ ರೊಟ್ಟಿ ಹಾಕುತ್ತಾಳೆ, ಮಾತು ಹಾಕುವುದಿಲ್ಲ. ಫೋನ್ ಹಚ್ಚಿದರೆ ಮತ್ತೆ ಜಗಳವೇ. ಅದಕ್ಕೆ ಬರೆಯಲು ಕೂತಿದ್ದೇನೆ. ಪೆನ್ಸಿಲ್ಲನ್ನು ಕಟ್ಟಿಗೆಗೆ ಗೆರೆ ಹಾಕುವುದಕ್ಕೆ ಬಿಟ್ಟರೆ ಕಿವಿ ಮೇಲೆ ಇಟ್ಟುಕೊಳ್ಳುವುದಕ್ಕಷ್ಟೇ ಬಳಸಿದವನು ನಾನು. ಅಕ್ಷರ ತಿಳಿಯದಿದ್ದರೆ ಸಾವಕಾಶ ಓದು.

ಮೊದಲಿಗೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ನಿನಗೆ ಹೇಳಿಲ್ಲ.

ನೀನು ಏಳನೇತ್ತೆಯಲ್ಲಿದ್ದಾಗ ಹಿತ್ತಲಿನ ಬೇವಿನ ಗಿಡಕ್ಕೆ ರಿಂಗು ಕಟ್ಟಿಕೊಟ್ಟೆನಲ್ಲ, ಅದರ ಹಿಂದಿನ ಹಲಗೆ ಹಳೇ ಊರಿನ ನಮ್ಮ ಮನೆಯ ತಲಬಾಗಿಲು. ಆಲಮಟ್ಟಿಯ ಹಿನ್ನೀರಿಗೆ ಮನೆ ಮುಳುಗಡೆ ಅಂತ ನೋಟೀಸು ಬಂದಾಗ ನಿಮ್ಮಜ್ಜ ಪರಿಹಾರದ ದುಡ್ಡಿನ ಮಾತೇ ಎತ್ತಲಿಲ್ಲ. ಆ ಬಾಗಿಲು ಬಿಚ್ಚಿಸಿ, ಚಕ್ಕಡಿಯಲ್ಲಿ ಹೇರಿಕೊಂಡು ನವನಗರಕ್ಕೆ ಬಂದರು. ಸಾಗವಾನಿ. ಹೊಸ ಮನೆಗೆ ಅಳತೆ ಹೊಂದಲಿಲ್ಲ, ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿತ್ತು. ಅದನ್ನೇ ಕೊಯ್ದು ಜೋಡಿಸಿ, ನಡುವೆ ಬಿಳಿ ಬಣ್ಣದಲ್ಲಿ ಚೌಕ ಎಳೆದೆ. ಚಿಲಕದ ತೂತಿಗೆ ಎಷ್ಟು ಲಪ್ಪ ತುಂಬಿದರೂ ಎದ್ದು ಕಾಣುತ್ತಿತ್ತು. "ಆ ತೂತಿಗೆ ಗುರಿ ಇಟ್ಟು ಹೊಡಿ" ಅಂತ ನಿನಗೆ ಹೇಳಿದವನು ನಾನೇ.

ರಿಂಗು ನೆಲದಿಂದ 10 ಅಡಿ ಇರಬೇಕು. ಟೇಪು ಹಿಡಿದು ಮೂರು ಸಲ ಅಳೆದೆ, ಬರೋಬ್ಬರಿ ಇತ್ತು. ಆಮೇಲೆ ಚೆಂಡು ಚಂದಾಗಿ ಪುಟಿಯಲಿ ಅಂತ ಒಂದು ಟ್ರ್ಯಾಕ್ಟರ್ ಗರಸು ಹಾಕಿಸಿ, ನೀರು ಹೊಡೆದು, ದಮ್ಮಸು ಮಾಡಿಸಿದೆ. ನೆಲ ಮೇಲೆ ಬಂತು. ಮತ್ತೆ ಅಳೆಯಲಿಲ್ಲ. ಬಡಿಗನ ಮಗ, ಬಡಿಗ, ಅಳೆಯಲಿಲ್ಲ!

ವಿಜಯಪುರದಲ್ಲಿ ನಿನ್ನ ಮೊದಲ ಟೂರ್ನಮೆಂಟು ನೆನಪಿದೆಯೇ? ಹೊಡೆದ ಚೆಂಡೆಲ್ಲ ರಿಂಗಿನ ಮುಂದಿನ ಅಂಚಿಗೆ ತಾಕಿ ವಾಪಸ್. ಬರುವಾಗ ಬಸ್ಸು ಕೊಲ್ಹಾರದ ಸೇತುವೆ ದಾಟುವ ತನಕ ನೀನು ಕಿಟಕಿಗೆ ಮುಖ ಕೊಟ್ಟು ಅತ್ತಿ. ಆ ರಾತ್ರಿ ನೀವೆಲ್ಲ ಮಲಗಿದ ಮೇಲೆ ಬ್ಯಾಟರಿ ಹಿಡಿದು ಅಳೆದೆ. 9 ಅಡಿ 9 ಇಂಚು. ಮರುದಿನ ನೀನು ಸಾಲಿಗೆ ಹೋದಾಗ ಬಿಚ್ಚಿ ಮೇಲೇರಿಸಿದೆ. ಸಂಜೆ ಕೇಳಿದ್ದಕ್ಕೆ "ಹಲಗೆಗೆ ಹುಳ ಹತ್ತಿತ್ತು, ಎಣ್ಣೆ ಹಚ್ಚೀನಿ" ಅಂದೆ. ಆಮೇಲೆ ನಾಲ್ಕು ತಿಂಗಳು ನಿಮ್ಮ ಸರ್ ಕೈಲಿ ನೀನು ಬೈಸಿಕೊಂಡದ್ದು ಆ 3 ಇಂಚಿಗೆ. ಹಿತ್ತಲಿನಲ್ಲಿ ಬೀಳುತ್ತಿದ್ದ ಚೆಂಡು ಹೊರಗೆ ಯಾಕೆ ಬೀಳುತ್ತಿಲ್ಲ ಅಂತ ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದಿ, ನಾನು ಸುಮ್ಮನೆ ರಂದಾ ಹೊಡೆಯುತ್ತಿದ್ದೆ.

ಈಗ ನಿನ್ನ ಮೆಚ್ಚಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಟಿಮ್ ಡಂಕನ್ ಮಾತಿಗೆ ಬರೋಣ. ಹಲಗೆಗೆ ಚೆಂಡು ತಾಗಿಸಿ ಹಾಕುವ ಅವನ ವಿಡಿಯೋ ನನಗೆ ತೋರಿಸಿದವಳು ನೀನು. ಮೊನ್ನೆ ಜಗಳವಾದ ರಾತ್ರಿ ನಿದ್ದೆ ಬರಲಿಲ್ಲ, ಮತ್ತೆ ಅವನನ್ನೇ ನೋಡುತ್ತಾ ಕೂತೆ. ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ಅನ್ನುವ ನಡುಗಡ್ಡೆಯ ಹುಡುಗ. ಅವನದು ಮೊದಲು ಈಜು. 1989ರಲ್ಲಿ ಹ್ಯೂಗೋ ಅನ್ನುವ ಚಂಡಮಾರುತ ಅವನು ಈಜುವ ಕೊಳವನ್ನೇ ಹಾಳು ಮಾಡಿತು. ಸಮುದ್ರದಲ್ಲಿ ಈಜೋಣವೆಂದರೆ ಶಾರ್ಕಿನ ಅಂಜಿಕೆ. ಮರುವರ್ಷ ತಾಯಿ ಕ್ಯಾನ್ಸರಿಗೆ ಹೋದಳು, ಇವನಿಗೆ 14 ತುಂಬುವ ಹಿಂದಿನ ದಿನ. ಕಾಲೇಜು ಮುಗಿಸುತ್ತೇನೆ ಅಂತ ಆಕೆಗೆ ಮಾತು ಕೊಟ್ಟಿದ್ದ. ನೀರು ಊರು ನುಂಗಿದ ಕಡೆಯವರು ನಾವು, ಗಾಳಿ ಕೊಳ ನುಂಗಿದ ಹುಡುಗನ ಕತೆ ನನಗೆ ಬೇರೆಯವರ ಕತೆ ಅನಿಸಲಿಲ್ಲ.

ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಒಂಬತ್ತನೇತ್ತೆಯಲ್ಲಿ, ನಿನಗಿಂತ ತಡವಾಗಿ. 1993ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ಯೂನಿವರ್ಸಿಟಿಗೆ ಸೇರಿದ. ಅಲ್ಲಿಯ ಮೊದಲ ಪಂದ್ಯದಲ್ಲಿ ಒಂದು ಪಾಯಿಂಟೂ ಇಲ್ಲ. (ವಿಜಯಪುರದಲ್ಲಿ ನೀನು ಅವನಿಗಿಂತ ವಾಸಿ, ಎರಡಾದರೂ ಹಾಕಿದ್ದಿ.) ಎರಡು ವರ್ಷದಲ್ಲಿ ದೊಡ್ಡ ದೊಡ್ಡವರೇ "ಅಮೆರಿಕದ ದೊಡ್ಡ ಲೀಗು ಎನ್‌ಬಿಎಗೆ ಈಗ ಬಂದರೆ ನಿನ್ನನ್ನೇ ಮೊದಲು ಆರಿಸುತ್ತಾರೆ" ಅನ್ನುವ ಮಟ್ಟಕ್ಕೆ ಬಂದ. ಕೋಟಿಗಟ್ಟಲೆ ದುಡ್ಡು ಕಣ್ಣೆದುರು. ಹೋಗಲಿಲ್ಲ. ನಾಲ್ಕೂ ವರ್ಷ ಕಾಲೇಜಿಗೆ ಆಡಿ, ಮನಶ್ಶಾಸ್ತ್ರದಲ್ಲಿ ಡಿಗ್ರಿ ತಗೊಂಡು, 1997ರಲ್ಲಿ ಡ್ರಾಫ್ಟಿಗೆ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಡೆ, ನಿಂತ. ಮೊದಲ ಆಯ್ಕೆ ಅವನೇ. ಎರಡನೇ ಸೀಸನ್ನಿಗೇ ಸ್ಯಾನ್ ಆಂಟೋನಿಯೋ ತಂಡಕ್ಕೆ ಚಾಂಪಿಯನ್ ಪಟ್ಟ. ಅದೊಂದೇ ತಂಡಕ್ಕೆ 19 ಸೀಸನ್ನು, ಐದು ಪಟ್ಟ.

ನೀನು ಏನನ್ನುತ್ತೀ ಗೊತ್ತು. ಕೆವಿನ್ ಗಾರ್ನೆಟ್ 1995ರಲ್ಲಿ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹೋಗಿ ಗೆದ್ದನಲ್ಲ? ಗೆದ್ದ, ಅಲ್ಲಗಳೆಯುವುದಿಲ್ಲ. ನಮ್ಮ ಪಂಜಾಬಿನ ಸತ್ನಾಮ್ ಸಿಂಗನೂ ಕಾಲೇಜು ಆಡದೆ ಹೋದವನೇ. 2015ರಲ್ಲಿ ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ತಗೊಂಡಿತು, ಎನ್‌ಬಿಎ ಡ್ರಾಫ್ಟಿನಲ್ಲಿ ಮೊದಲ ಭಾರತೀಯ. ಆದರೆ ಲೀಗಿನ ಪಂದ್ಯ ಒಂದೂ ಆಡುವ ಯೋಗ ಬರಲಿಲ್ಲ, ಆಮೇಲೆ ಟಿವಿಯಲ್ಲಿ ತೋರಿಸುವ ಕುಸ್ತಿಯ ಕಡೆ ಹೊರಳಿದ. ಅದಲ್ಲದೆ ಇದೆಲ್ಲ ಗಂಡುಮಕ್ಕಳ ಲೀಗಿನ ಮಾತು. ಅಮೆರಿಕದ ಹೆಣ್ಣುಮಕ್ಕಳು ತಮ್ಮ ಲೀಗು ಡಬ್ಲ್ಯುಎನ್‌ಬಿಎಗೆ ಹೋಗಬೇಕೆಂದರೆ ಆ ವರ್ಷ 22 ತುಂಬಬೇಕು, ಇಲ್ಲವೇ ಡಿಗ್ರಿ ಮುಗಿದಿರಬೇಕು. ನಿನ್ನ ಕೋಣೆಯ ಗೋಡೆ ಮೇಲಿರುವ ಕೇಟ್ಲಿನ್ ಕ್ಲಾರ್ಕ್ ಸಹ ಅಯೋವಾದಲ್ಲಿ ನಾಲ್ಕು ವರ್ಷ ಆಡಿಯೇ 2024ರಲ್ಲಿ ಮೊದಲ ಆಯ್ಕೆಯಾದದ್ದು. ಆ ವರ್ಷ ಲೀಗಿನಲ್ಲಿ 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಮಂದಿ. 144 ಕುರ್ಚಿ. ಆಕೆಯ ಮೊದಲ ವರ್ಷದ ಪಗಾರ 76,535 ಡಾಲರ್, ನಮ್ಮ ಲೆಕ್ಕದಲ್ಲಿ 64 ಲಕ್ಷದ ಆಸುಪಾಸು. ದೊಡ್ಡದೇ, ಆದರೆ ಗಂಡುಮಕ್ಕಳದರ ಪಕ್ಕ ಇಟ್ಟರೆ ಚಟ್ನಿಯಷ್ಟು.

ನಮ್ಮ ದೇಶದಲ್ಲಿ ಆ ಕುರ್ಚಿಗಳೂ ಇಲ್ಲ. ಯುಬಿಎ ಅಂತ ಗಂಡುಮಕ್ಕಳ ಲೀಗು 2015ರಲ್ಲಿ ಎದ್ದು 2017ಕ್ಕೆ ಮಲಗಿತು. ಹೆಣ್ಣುಮಕ್ಕಳಿಗೆ ಪಗಾರ ಕೊಟ್ಟು ಆಡಿಸುತ್ತಾ ಬಂದದ್ದು ಬಹುಪಾಲು ರೈಲ್ವೆಯೇ. ಕೇರಳದ ಗೀತು ಅನ್ನಾ ಜೋಸ್ ಕಾಲೇಜಿನಲ್ಲಿ ಆಡಿ, ದಕ್ಷಿಣ ರೈಲ್ವೆ ಸೇರಿ, ಅಲ್ಲಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದಳು. 2011ರಲ್ಲಿ ಡಬ್ಲ್ಯುಎನ್‌ಬಿಎಯ ಮೂರು ತಂಡಗಳು ಟ್ರಯಲ್ಸಿಗೆ ಕರೆದವು. ಕುರ್ಚಿ ಸಿಗಲಿಲ್ಲ, ಸಿಗದಿದ್ದಾಗ ವಾಪಸ್ ಬರಲು ಒಂದು ನೌಕರಿ ಇತ್ತು. ಬೆಂಗಳೂರಿನ ಸಂಜನಾ ರಮೇಶ್ ದಾರಿ ಇನ್ನೊಂದು. ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿ ತಂಡಕ್ಕೇ ಹೋಗಿ ಓದುತ್ತಾ ಆಡಿದಳು. ನೈಋತ್ಯ ರೈಲ್ವೆಯ ದೊಡ್ಡ ಕಚೇರಿ ನಿನಗೂ ನನಗೂ ನಡುವೆ, ಹುಬ್ಬಳ್ಳಿಯಲ್ಲೇ ಇದೆ. ಬೆಳಗಾವಿಯಿಂದ ಊರಿಗೆ ಬರುವಾಗ ಒಮ್ಮೆ ಆ ಕಡೆ ಹಾಯ್ದು ವಿಚಾರಿಸಿ ಬಾ.

ಇನ್ನು ನಿನ್ನನ್ನು ಪಗಾರಕ್ಕೆ ಆಡಲು ಕರೆದ ಆ ಬೆಂಗಳೂರಿನ ಕ್ಲಬ್ಬಿನ ಕರಾರು, ನೀನು ವಾಟ್ಸಾಪಿನಲ್ಲಿ ಕಳಿಸಿದ್ದು. ಏಳು ಹಾಳೆ. ನಮ್ಮ ಸೆಕ್ಟರಿನ ವಕೀಲರ ಹತ್ತಿರ ಕೂತು ಓದಿಸಿದೆ. ಮೊದಲ ಹಾಳೆಯಲ್ಲಿ ನಿನ್ನ ಫೋಟೋ ಚಂದ ಬಂದಿದೆ. ಐದನೇ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿದೆ: ಪೆಟ್ಟಾದರೆ 15 ದಿನದ ಮೇಲೆ ಪಗಾರ ಬಂದ್, ಆಸ್ಪತ್ರೆ ಖರ್ಚು ನಿನ್ನದೇ. ಹನ್ನೊಂದು ತಿಂಗಳ ಕರಾರು, ಮುಂದಿನ ಮಾತಿಲ್ಲ. ಬಾಗಿಲು ಮಾಡಿಕೊಡುತ್ತೇನೆ ಅಂತ ಬಂದವನು ಕೀಲು ನೀವೇ ತನ್ನಿ, ಚಿಲಕ ನೀವೇ ತನ್ನಿ, ಮುರಿದರೆ ನನ್ನನ್ನು ಕೇಳಬೇಡಿ ಅಂದಂಗಾಯಿತು. ಹೋದ ವರ್ಷ ಮೊಳಕಾಲು ಬಾತು ಇಪ್ಪತ್ತು ದಿನ ಮಲಗಿದವಳು ನೀನು.

ನಾನು ಬೇಡ ಅನ್ನುತ್ತಿಲ್ಲ. ಮೊನ್ನೆ ಅಂದೆ, ಇವತ್ತು ಅನ್ನುವುದಿಲ್ಲ. ಇನ್ನು ಮೂರು ಸೆಮಿಸ್ಟರ್. ಪರೀಕ್ಷೆಗೆ ಬಿಡುತ್ತೇವೆ, ಪೆಟ್ಟಾದರೆ ಖರ್ಚು ನಮ್ಮದು, ಗುಣವಾಗುವ ತನಕ ಪಗಾರ ಕೊಡುತ್ತೇವೆ ಅಂತ ಅವರು ಬರೆದುಕೊಡಲಿ. ಕೊಟ್ಟರೆ ನಾನೇ ಬೆಂಗಳೂರಿಗೆ ಬಂದು ಸಾಕ್ಷಿ ಸಹಿ ಹಾಕುತ್ತೇನೆ. ಕೊಡದಿದ್ದರೆ ಕಾಲೇಜಿನ ತಂಡಕ್ಕೇ ಆಡು. ನಿನ್ನ ಎಡಗೈ ಇನ್ನೂ ಕಚ್ಚಾ ಇದೆ. ಇದನ್ನು ನಾನು ಹೇಳಿದ್ದಲ್ಲ, ದಸರಾ ಸೂಟಿಯಲ್ಲಿ ನೀನೇ ಅವ್ವನ ಮುಂದೆ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು.

ಅವ್ವ ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿದ್ದಾಳೆ, ನಾಳೆ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಹಾಂ, ಈ ಸಲದ ಮಳೆಗೆ ಹಿತ್ತಲಿನ ಗರಸು ಕೊಚ್ಚಿಹೋಗಿದೆ. ಇವತ್ತು ಮಧ್ಯಾಹ್ನ ಟೇಪು ಹಿಡಿದೆ. ಈಗ 10 ಅಡಿ 1 ಇಂಚು. ಒಬ್ಬನೇ ಇದ್ದೆ, ಕೆಳಗಿನ ತುದಿ ಜಾರುತ್ತಿತ್ತು, ಅರ್ಧ ಇಂಚು ಹೆಚ್ಚುಕಮ್ಮಿ ಇರಬಹುದು. ನೀನು ಬಂದಾಗ ಆ ತುದಿ ಹಿಡಿ, ಮತ್ತೊಮ್ಮೆ ಅಳೆಯೋಣ.

ನಿನ್ನ ಅಪ್ಪ