ಗುಂಪಿನವರ ಗಮನಕ್ಕೆ: ಆಸ್ಕರ್ ಶ್ಮಿತ್ ಲೆಕ್ಕ

ಬ್ರೆಜಿಲ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಬಗ್ಗೆ ಹಾಕುವ ಪೋಸ್ಟ್‌ಗಳಲ್ಲಿ ಅಂಕಿಗಳು ಕಲಸಿಹೋಗುತ್ತಿವೆ. 49,737 ಅಂಕ ಅನ್ನೋದು ಕ್ಲಬ್ ಮತ್ತು ದೇಶದ ಪಂದ್ಯ ಎರಡೂ ಸೇರಿ. ಅದನ್ನು ಬರೀ ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಅಂಕಗಳ ಪಕ್ಕ ಇಟ್ಟು ಹೋಲಿಸಬೇಡಿ. ಒಲಿಂಪಿಕ್ಸ್ ಲೆಕ್ಕ ಬೇರೆಯೇ: 1980ರಿಂದ 1996ರವರೆಗೆ ಐದು ಕೂಟ, 1,093 ಅಂಕ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ ಒಂದೇ ಪಂದ್ಯದಲ್ಲಿ 55.

"ಎನ್‌ಬಿಎಗೆ ಆಯ್ಕೆಯೇ ಆಗಲಿಲ್ಲ" ಅನ್ನೋದೂ ತಪ್ಪು. 1984ರಲ್ಲಿ ಎನ್‌ಬಿಎ ತಂಡ ನ್ಯೂಜೆರ್ಸಿ ನೆಟ್ಸ್ ಡ್ರಾಫ್ಟ್‌ನ (ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಆರನೇ ಸುತ್ತಿನಲ್ಲಿ ಆರಿಸಿತ್ತು. ಆಗಿನ ನಿಯಮದಂತೆ ಎನ್‌ಬಿಎ ಆಡಿದವರಿಗೆ ದೇಶದ ತಂಡದ ಬಾಗಿಲು ಬಂದ್, ಹಾಗಾಗಿ ಒಲ್ಲೆ ಅಂದರು. ನಿಯಮ ಸಡಿಲಾದದ್ದು 1989ರಲ್ಲಿ. ಅಷ್ಟರಲ್ಲಿ ವಯಸ್ಸು 31.

ವಿಡಿಯೊ ನೋಡುವವರು 1987ರ ಇಂಡಿಯಾನಾಪೊಲಿಸ್ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್‌ನಿಂದಲೇ ಶುರುಮಾಡಿ. ವಿರಾಮಕ್ಕೆ ಅಮೆರಿಕ 68-54 ಮುಂದೆ. ಕೊನೆಗೆ ಬ್ರೆಜಿಲ್ 120-115. ಆಸ್ಕರ್‌ದು 46, ಅದರಲ್ಲಿ 35 ದ್ವಿತೀಯಾರ್ಧದ್ದು. ಎರಡು ಮೀಟರ್ ದಾಟಿದ ಆಳು ಬುಟ್ಟಿಯ ಕೆಳಗೆ ನಿಲ್ಲದೆ ಮೂರು ಅಂಕ ಸಿಗುವ ದೂರದ ಗೆರೆಯಾಚೆಯಿಂದ ಎಸೆಯೋದು ಆಗ ಅಪರೂಪ. ರಕ್ಷಣೆ ಮಾತ್ರ ಇವರಿಂದ ಕಲಿಯಬೇಡಿ!

ನಿವೃತ್ತಿ 2003, ಬ್ರೆಜಿಲ್‌ನ ಫ್ಲಮೆಂಗೊ ಕ್ಲಬ್‌ನಲ್ಲಿ.