ಬಿ.ಡಿ. ಅಂದರೆ ಬೀಡಿ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಪದವಿ ಮುಗಿಸಿದವರು ಮುಂದೇನು ಓದಬಹುದು ಅಂತ ಇಡೀ ಪುಟ ಬಂದಿತ್ತು. ಎಂಬಿಎ, ಬಿ.ಎಡ್., ಎಂಎಸ್‌ಡಬ್ಲ್ಯೂ, ಕೊನೆಗೆ ಕೇಕ್ ಮಾಡುವ ಕೋರ್ಸೂ ಇತ್ತು. ನನ್ನ ಮಗಳು ಓದುತ್ತಿರುವುದು ಮಾತ್ರ ಇರಲಿಲ್ಲ.

ನಾನು ಕಾರವಾರ ಡಿಪೋದಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವನು. ಮಗಳು ಇಲ್ಲೇ ಬಿ.ಎ. ಮುಗಿಸಿ, ಈಗ ಮಂಗಳೂರಿನ ಬಲ್ಮಠದಲ್ಲಿ ಬಿ.ಡಿ. ಎರಡನೇ ವರ್ಷ. 'ಮಂಗಳೂರಲ್ಲಿ ಬೀಡಿನಾ? ಕಟ್ಟೋಕೆ ಅಷ್ಟು ದೂರ ಯಾಕೆ ಕಳಿಸಿದ್ರಿ?' ಎಂದು ನನ್ನ ಹಳೇ ಡ್ರೈವರ್ ಒಬ್ಬರು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಬ್ಯಾಚುಲರ್ ಆಫ್ ಡಿವಿನಿಟಿ, ಅಂದರೆ ಕ್ರೈಸ್ತ ದೇವಶಾಸ್ತ್ರದ ಓದು ಎಂದೆ. ಹೆಸರು ಬ್ಯಾಚುಲರ್, ಆದರೆ ಡಿಗ್ರಿ ಆದವರಿಗೂ 4 ವರ್ಷ. ಆಮೇಲೆ ಎಂ.ಟಿಎಚ್., ಅಂದರೆ ಮಾಸ್ಟರ್ ಆಫ್ ಥಿಯಾಲಜಿ ಬೇಕೆಂದರೆ ಇನ್ನೂ 2 ವರ್ಷ.

ಸಾಲ ಕೇಳಲು ಹೋದಾಗ ಬ್ಯಾಂಕಿನ ಸಾಹೇಬರು ಕಂಪ್ಯೂಟರಿನಲ್ಲಿ ಹುಡುಕಿ, 'ಪಟ್ಟಿಯಲ್ಲಿ ಇಲ್ಲವಲ್ಲ. ಏನಿದು, ಪೂಜೆ ಕಲಿಯೋದಾ?' ಎಂದರು. ಪಿಎಫ್ ದುಡ್ಡಲ್ಲಿ ಫೀ ಕಟ್ಟಿದೆ, ಅದು ಬಿಡಿ.

ಏನು ಕಲಿಯುತ್ತಾಳೆ ಅಂತ ನನಗೂ ಸರಿಯಾಗಿ ಗೊತ್ತಾದದ್ದು ಕ್ರಿಸ್‌ಮಸ್ ರಜೆಯಲ್ಲಿ. ಅಡುಗೆಮನೆಯಲ್ಲಿ ಕೂತು ಹೀಬ್ರೂ, ಅಂದರೆ ಬೈಬಲಿನ ಹಳೆ ಒಡಂಬಡಿಕೆಯ ಮೂಲ ಭಾಷೆ, ಬರೆಯುತ್ತಿದ್ದಳು. ಬಲದಿಂದ ಎಡಕ್ಕೆ ಬರೆಯುವ ಭಾಷೆ, 22 ಅಕ್ಷರ. ಸ್ವರ ಬೇಕಾದರೆ ಹೆಚ್ಚಾಗಿ ಅಕ್ಷರದ ಕೆಳಗೆ ಚುಕ್ಕಿ, ಗೆರೆ ಇಡುತ್ತಾರೆ, ಹೆಚ್ಚುಕಮ್ಮಿ ನಮ್ಮ ಕಾಗುಣಿತದ ಹಾಗೆ. ಗ್ರೀಕ್ ಬೇರೆ ಇದೆ. ಕ್ರೈಸ್ತ ಸಭೆಯ ಅಂದರೆ ಚರ್ಚಿನ ಇತಿಹಾಸ, ಬೇರೆ ಧರ್ಮಗಳ ಪಾಠ ಎಲ್ಲವೂ ಇದೆ. ಅವತ್ತು ಅವಳು ಬೈಬಲಿನ ಪ್ರಸಂಗಿಯ ಪುಸ್ತಕ ತೆಗೆದಿದ್ದಳು. ಅದರ ಶುರುವಿನಲ್ಲೇ ಬರುವ 'ವ್ಯರ್ಥ' ಅನ್ನುವ ಮಾತನ್ನು ನಾನು ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ. ಮೂಲದಲ್ಲಿ ಅದು 'ಹೆಬೆಲ್', ಅಂದರೆ ಉಸಿರು, ಆವಿ ಎಂದಳು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. 'ಹಾಗಾದರೆ ನಮ್ಮ ಹಬೆಯೇ ಅಲ್ವಾ?' ಎಂದೆ. 'ಅಪ್ಪಾ, ಅದು ಸುಮ್ನೆ ಸದ್ದು ಹೊಂದಿಕೊಂಡಿದೆ ಅಷ್ಟೇ, ಸಂಬಂಧ ಇಲ್ಲ' ಎಂದು ನಕ್ಕಳು. ನನಗೆ ಇನ್ನೂ ಅನುಮಾನ ಇದೆ. ಆದರೆ ವ್ಯರ್ಥ ಅಂದರೆ ಉಪಯೋಗಕ್ಕೆ ಬಾರದ್ದು, ಹಬೆ ಅಂದರೆ ಕಣ್ಣೆದುರೇ ಇದ್ದರೂ ಕೈಗೆ ಸಿಗದ್ದು. ಎರಡೂ ಒಂದೇ ಅಲ್ಲ. ಒಂದು ಶಬ್ದಕ್ಕೆ ಇವರು ಒಂದು ಸಂಜೆ ಕೊಡುತ್ತಾರೆ ಸಾರ್. ಇದು ಓದಲ್ಲದೆ ಮತ್ತೇನು?

ಹೊಸ ಕೋರ್ಸ್ ಅಂತಲೂ ಅಲ್ಲ. ಓದುವುದು ಮಂಗಳೂರಲ್ಲಾದರೂ ಡಿಗ್ರಿ ಕೊಡುವುದು ಬಂಗಾಳದ ಸೆರಾಂಪೋರ್ ಕಾಲೇಜು. ಆ ಕಾಲೇಜು 1818ರದ್ದು. ಊರು ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು, ಹಾಗಾಗಿ ಡಿಗ್ರಿ ಕೊಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕಿನ ರಾಜನಿಂದ ಬಂತು. ಇದೇ ದೇವಶಾಸ್ತ್ರ ಕಲಿಸುವ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು. ಇನ್ನು 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದ ಹರ್ಮನ್ ಮೊಗ್ಲಿಂಗ್ ಜರ್ಮನಿಯಲ್ಲಿ ಓದಿದ್ದು ಇದೇ ದೇವಶಾಸ್ತ್ರ. ಕನ್ನಡದ ಮೊದಲ ಪತ್ರಿಕೆ ನಡೆಸಿದವರ ಓದಿಗೆ ಪತ್ರಿಕೆಯಲ್ಲೇ ಜಾಗ ಇಲ್ಲ ಅಂದರೆ ಹೇಗೆ?

ಕೆಲಸ ಏನು ಸಿಗುತ್ತದೆ ಅನ್ನುವುದು ಎಲ್ಲರ ಪ್ರಶ್ನೆ. ಸಂಬಳ ಜಾಸ್ತಿ ಇಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹೆಣ್ಣುಮಕ್ಕಳೂ ಪಾದ್ರಿ ಆಗುತ್ತಾರೆ. ಇವಳಿಗೆ ಪಾಠ ಹೇಳುವ ಆಸೆ. ಇನ್ನೂ ತೀರ್ಮಾನ ಆಗಿಲ್ಲ, ನಾನೂ ಕೇಳಿ ಕೇಳಿ ತಲೆ ತಿನ್ನುವುದಿಲ್ಲ.

ಮುಂದಿನ ಸಲ ಆ ಪುಟ ಮಾಡುವಾಗ ಇದಕ್ಕೂ ನಾಲ್ಕು ಸಾಲು ಕೊಡಿ. ಯಾರು ಸೇರಬಹುದು, ಎಷ್ಟು ವರ್ಷ, ಎಲ್ಲೆಲ್ಲಿ ಇದೆ, ಅಷ್ಟು ಸಾಕು. ಕತ್ತರಿಸಿಕೊಂಡು ಹೋಗಿ ಆ ಬ್ಯಾಂಕಿನ ಸಾಹೇಬರಿಗೂ ಡ್ರೈವರಿಗೂ ತೋರಿಸುತ್ತೇನೆ.

ಇತಿ,
ಒಬ್ಬ ನಿವೃತ್ತ ಕಂಡಕ್ಟರ್
ಕೋಡಿಬಾಗ, ಕಾರವಾರ